ಕಣ್ಣಿಗೊತ್ತಿಕೊಂಡ ಪಿಸ್ತೂಲು

ತಂಗಿ ಗಂಗರತ್ನಳಿಗೆ ಅಕ್ಕನ ಆಶೀರ್ವಾದ.

ಮೊಮ್ಮಗಳು ಮೇಘನಳ ಜೊತೆ ಕೋಲಾರದ ಹತ್ತಿರ ಒಂದು ದಿನದ ಪಿಸ್ತೂಲು ತರಬೇತಿಗೆ ಬಂದು ಮಾನ ಕಳೆದುಕೊಂಡೆ ಕಣೇ. ಫ್ಯಾಕ್ಟರಿಯಿಂದ ಒಬ್ಬಳೇ ಬರುವ ಭಯಕ್ಕೆ ಕಲಿಯಬೇಕೆಂದವಳು ಅವಳು. ನೋಡುತ್ತ ಕೂರಲಾರದೆ "ನನಗೂ ಒಂದು ಕೊಡಿ" ಎಂದವಳು ನಾನು. ಮೇಷ್ಟ್ರು ಕೊಟ್ಟರು. ಕೊಯ್ಲಿಗೆ ಮುಂಚೆ ಕುಡುಗೋಲನ್ನು ಒತ್ತಿಕೊಳ್ಳುವ ಹಾಗೆ ಅದನ್ನೂ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಅದರ ಬಾಯಿ ಪಕ್ಕದ ಹುಡುಗಿಯರ ಕಡೆಗಿತ್ತು. ಎಲ್ಲರೂ ದಬದಬನೆ ನೆಲಕ್ಕೆ ಬಿದ್ದರು.

ಮೇಷ್ಟ್ರು ಕಿತ್ತುಕೊಂಡು, "ಅಜ್ಜೀ, ಗುಂಡಿರ್ಲಿ ಬಿಡ್ಲಿ, ಜನರ ಕಡೆ ತಿರುಗಿಸ್ತಾರಾ? ಇಬ್ರೂ ಆಚೆ ನಡೀರಿ!" ಎಂದರು. ಮೇಘನಳ ಕಣ್ಣು ತುಂಬಿತು. ಯಾರಿಗೂ ಬಗ್ಗದ ನಾನು ಅಷ್ಟು ಜನರೆದುರು ಕೈ ಮುಗಿದು, "ತಪ್ಪು ನಂದು ಕಣಪ್ಪಾ, ಮಗೂನ ಕಳಿಸ್ಬೇಡ" ಎಂದೆ. ಅವಳನ್ನು ಮಾತ್ರ ಉಳಿಸಿಕೊಂಡರು.

ಈಗ ಗೇಟಿನಾಚೆ ಹೊಂಗೆ ಮರದಡಿ ಕೂತು ಈ ಪೋಸ್ಟ್‌ಕಾರ್ಡು ಬರೆಯುತ್ತಿದ್ದೇನೆ. ಒಳಗೆ ಢಮ್ಮೆಂದಾಗಲೆಲ್ಲ ಅದು ಅವಳದೇ ಆಗಿರಲಿ ಎನಿಸುತ್ತದೆ. ಬಂದಾಗ ಯಾವ ಮುಖ ತೋರಿಸಲಿ?

ಮಂಡಿ ನೋವು ಪರವಾಗಿಲ್ಲ. ಭಾನುವಾರದವರೆಗೆ ವೇಮಗಲ್ಲಿನ ಅವಳ ರೂಮಿನಲ್ಲಿರುತ್ತೇನೆ. ಹಸುವಿಗೆ ನೀರಿಡು.

ಪೋಸ್ಟ್‌ಮ್ಯಾನ್ ಆವಲಪ್ಪಾ, ಓದಿದ್ದು ಸಾಕು. ರಾಯಲ್ಪಾಡಿನಲ್ಲೆಲ್ಲ ಸಾರದೆ ನನ್ನ ತಂಗಿಯ ಕೈಗೇ ಕೊಡು.

ನಿನ್ನಕ್ಕ