ಬೆಲ್ಟಿನ ಮೂರು ತೂತು

ಹಮಾಮತ್ಸು
೧೨ ನವೆಂಬರ್ ೧೯೯೧, ಮಂಗಳವಾರ

ಚಿಹಾರುವಿನ ಅಪ್ಪನವರಿಗೆ,

ಅಕಿತಾದಲ್ಲಿ ಆಗಲೇ ಹಿಮ ಬಿತ್ತಂತೆ, ಟೀವಿಯಲ್ಲಿ ನೋಡಿದೆ. ಆ ಒಂಟಿ ಕೋಣೆಯಲ್ಲಿ ಹೇಗಿದ್ದೀರಿ? ಆರೋಗ್ಯವೇ? ಫೋನಿನಲ್ಲಿ ಕೇಳಿದರೆ "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಅನ್ನುತ್ತೀರಿ. ಈ ಭಾನುವಾರ ಆ ಫೋನೂ ಬರಲಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯವರು ಮೂಲಂಗಿ ಒಣಹಾಕಿದ್ದಾರೆ. ಚಿಹಾರು ಪರೀಕ್ಷೆಯ ಹೆಸರು ಹೇಳಿಕೊಂಡು ದಿನವಿಡೀ ನನ್ನ ಮೇಲೆ ರೇಗುತ್ತಾಳೆ.

ಅಕ್ಟೋಬರಿನ ರಸೀದಿಗಳ ಲಕೋಟೆ ಬಂತು. ಕಂಪನಿಯವರು ನಿಮ್ಮೊಬ್ಬರನ್ನೇ ಅಷ್ಟು ದೂರಕ್ಕೆ ವರ್ಗ ಮಾಡಿದ ಮೇಲೆ ಎರಡೂವರೆ ವರ್ಷದಿಂದ ತಿಂಗಳು ತಪ್ಪದೆ ಕಳಿಸುತ್ತಿದ್ದೀರಿ, ನಾನೂ ತಪ್ಪದೆ ಮನೆಲೆಕ್ಕದ ಪುಸ್ತಕಕ್ಕೆ ಏರಿಸುತ್ತಿದ್ದೇನೆ. ಅತ್ತೆಯವರಿಗೆ ಇದು ಹಿಡಿಸುವುದಿಲ್ಲ. "ಸಂಬಳಾನೂ ನಿನ್ನ ಕೈಗೇ ಬರುತ್ತೆ, ಅವನ ಕೈಖರ್ಚಿಗೂ ಚೀಟಿ ಬೇಕೇನೇ? ಹೀಗೆ ಲೆಕ್ಕ ಕೇಳಿದ್ರೆ ನನ್ನ ಮಗನಿಗೆ ತಿಂದದ್ದು ಮೈಗೆ ಹತ್ತುತ್ತಾ?" ಅನ್ನುತ್ತಾರೆ. ಯಾವಾಗಲೂ ನಕ್ಕುಬಿಡುತ್ತಿದ್ದೆ. ಈ ಸಲ ಎದ್ದು ಒಳಗೆ ಹೋದೆ.

ಈ ವರ್ಷದ ಪುಟಗಳನ್ನೆಲ್ಲ ಮತ್ತೆ ಮೊದಲಿನಿಂದ ಓದಿದ್ದೇನೆ. ಜೂನಿನಿಂದ ಬಿಯರ್ ಇಲ್ಲ. ಆಗಸ್ಟಿನಿಂದ ನೀವು ಅಕ್ಕಿ ಕೊಂಡೇ ಇಲ್ಲ. "ಇಲ್ಲಿಯ ಅಕ್ಕಿ ಏನು ರುಚಿ ಗೊತ್ತಾ, ಎರಡು ಬಟ್ಟಲು ಜಾಸ್ತೀನೇ ಹೋಗುತ್ತೆ" ಅಂತ ಹೋದ ತಿಂಗಳೂ ಫೋನಿನಲ್ಲಿ ಹೇಳಿದಿರಲ್ಲ, ಅದು ಯಾರ ಮನೆಯ ಅಕ್ಕಿ? ಸೆಪ್ಟೆಂಬರಿನಲ್ಲಿ ಗಂಜಿ ಪೊಟ್ಟಣ ಹನ್ನೊಂದು. ಅಕ್ಟೋಬರಿನಲ್ಲಿ ಹಾಲು, ಬರೀ ಹಾಲು. ನಿಲ್ದಾಣದ ಪಕ್ಕದ ಶೂ ರಿಪೇರಿ ಅಂಗಡಿಯಲ್ಲಿ ಬೆಲ್ಟಿಗೆ ತೂತು ಹಾಕಿಸಿದ್ದೀರಿ, ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ ಎರಡು. ಆಸ್ಪತ್ರೆಯ ಚೀಟಿ ಮಾತ್ರ ಒಂದೂ ಇಲ್ಲ. ಹೋಗಿಯೇ ಇಲ್ಲವೋ, ಹೋಗಿ ಬಂದು ಆ ಚೀಟಿಯನ್ನು ತೆಗೆದಿಟ್ಟುಕೊಂಡಿರೋ? ಬೆಲ್ಟಿನ ಚೀಟಿಯಿಂದ ಇವಳಿಗೇನು ಗೊತ್ತಾದೀತು ಅಂದುಕೊಂಡಿರಬೇಕು. ಇಪ್ಪತ್ತನಾಲ್ಕು ವರ್ಷ ನಿಮ್ಮ ಪ್ಯಾಂಟು ಇಸ್ತ್ರಿ ಮಾಡಿದವಳು ನಾನು.

ಆಮೇಲೆ ಮಾವನವರು ತೀರಿಕೊಂಡ ವರ್ಷದ ಪುಸ್ತಕವನ್ನು ಹುಡುಕಿ ತೆಗೆದೆ. ಅವರ ಹೆಸರಿನ ಕೆಳಗೆ ಮಾರ್ಚಿನಲ್ಲಿ ಮದ್ಯ ನಿಂತಿದೆ. ಏಪ್ರಿಲಿನಲ್ಲಿ ಮೆತ್ತನೆಯ ತೋಫು, ಗಂಜಿ. ಮೇ ಪೂರ್ತಿ ಹಾಲು. ಜುಲೈನಲ್ಲಿ ಹೂವು, ಧೂಪ, ದೇವಾಲಯದ ಗುರುಗಳಿಗೆ ಕೊಟ್ಟ ದಕ್ಷಿಣೆ. ಎಲ್ಲವನ್ನೂ ನನ್ನ ಕೈಯಾರೆ ಬರೆದಿದ್ದೆ, ಒಂದು ದಿನವೂ ತಿರುಗಿ ಓದಿರಲಿಲ್ಲ. ಹೊಟ್ಟೆಯ ಕ್ಯಾನ್ಸರು, ಮೊದಲೇ ಕರೆತರಬೇಕಿತ್ತು ಎಂದು ಡಾಕ್ಟರು ಹೇಳಿದಾಗ, ನಮಗೇನು ಗೊತ್ತಿತ್ತು ಎಂದು ಅವರ ಮುಂದೆ ಕಣ್ಣೀರು ಹಾಕಿದೆನಲ್ಲ, ಅದನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ನನಗೆ ಹೆದರಿಕೆಯಾಗುತ್ತಿದೆ ಕಣ್ರೀ.

ಸಿಟ್ಟೂ ಬಂದಿದೆ. ಮಗಳ ಪರೀಕ್ಷೆ ಮುಗಿಯಲಿ, ಮನೆಸಾಲ ತೀರಲಿ ಅಂತ ನೀವು ದಿನ ತಳ್ಳುತ್ತಿದ್ದರೆ, ಆ ಲೆಕ್ಕ ನನಗೆ ಬಿಡಿ. ತರಕಾರಿಯಲ್ಲಿ, ಬಟ್ಟೆಯಲ್ಲಿ ಉಳಿಸಿ ಐದು ಲಕ್ಷ ಯೆನ್ ಬೇರೆ ಇಟ್ಟಿದ್ದೇನೆ, ನಿಮಗೆ ಹೇಳಿರಲಿಲ್ಲ. ಈ ಕಾಗದ ಕೈಸೇರಿದ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ. ಅವರು ಏನು ಹೇಳಿದರೂ ಇದ್ದದ್ದನ್ನು ಇದ್ದ ಹಾಗೆ ನನಗೆ ತಿಳಿಸಿ.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಅವರಿಗೆ ನಾನಿನ್ನೂ ಏನೂ ಹೇಳಿಲ್ಲ. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ಫುಸಾಎ

ಮತ್ತೆ: ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯದೆ ನಿಮ್ಮ ಆಫೀಸಿಗೆ ಫೋನು ಮಾಡಿದೆ. ನಿಮ್ಮ ಜೊತೆ ಕೆಲಸ ಮಾಡುವ ಕುದೋ ಸಿಕ್ಕರು. "ಅವರು ಹತ್ತು ದಿನದಿಂದ ರಜೆಯಲ್ಲಿದಾರಲ್ಲಮ್ಮಾ. ಮನೆಗೆ ಹೋಗ್ತೀನಿ, ಹೆಂಡ್ತಿ ನೋಡ್ಕೋತಾಳೆ ಅಂದಿದ್ರು. ಅಲ್ಲಿಗೆ ಬಂದಿಲ್ವಾ?" ಅಂದರು. ಬಂದಿದ್ದಾರೆ ಅಂದುಬಿಟ್ಟೆ. ನಿಮ್ಮ ಕೋಣೆಗೆ ಆರು ಸಲ ಫೋನು ಮಾಡಿದೆ, ಯಾರೂ ಎತ್ತುತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಹನ್ನೊಂದರ ರೈಲಿನಲ್ಲಿ ನಾನೇ ತರುತ್ತಿದ್ದೇನೆ. ಬಾಗಿಲು ತಟ್ಟಿದಾಗ ಎದ್ದು ಬರಲು ಆಗದಿದ್ದರೆ, ಒಳಗಿಂದ ಒಂದು ಸದ್ದಾದರೂ ಮಾಡಿ.