ಕೆಡಿಸಿ ನೋಡುವ ಕೋಣೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮ ಗುಂಡನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಮಂಡಿನೋವು ಹಾಗೇ ಇದೆ. ಲಿಫ್ಟ್ ರಿಪೇರಿಯವಳೇ ಮೆಟ್ಟಿಲಿಗೆ ಹೆದರುವ ಹಾಗಾಯಿತು ನೋಡು. ನಿನ್ನ ಹೆಂಡತಿಯ ಊರಿನಲ್ಲಿ ನೀನಿಟ್ಟ ರಿಪೇರಿ ಅಂಗಡಿ ಕುದುರಿತೆಂದು ಓದಿ ಖುಷಿಯಾಯಿತು. ಗಿರಾಕಿಗಳು ಎದುರಿಗೇ ನಿಂತು ಮಾತಾಡಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಇಲ್ಲಿ ಕಂಪನಿಗೆ ಹೊರದೇಶದ ಕೆಲಸ ಹೆಚ್ಚಿದೆ. ಸಮುದ್ರದಾಚೆ ಎಲ್ಲೋ ಒಂದು ಲಿಫ್ಟ್ ಕಿರುಗುಟ್ಟಿದರೆ ಅಲ್ಲಿಯ ಕಾವಲುಗಾರ ಆ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಾನೆ. ಏನು ಕೆಟ್ಟಿದೆ ಎಂದು ನಾನು ಹೇಳುತ್ತೇನೆ, ಅಲ್ಲಿಯ ಮೆಕ್ಯಾನಿಕ್ ಸರಿ ಮಾಡುತ್ತಾನೆ. ಮೊದಲು ನಾವೇ ಪಾನಾ ಹಿಡಿದು ಹೋಗಬೇಕಿತ್ತು. ಕೈಯನ್ನು ಪಾರ್ಸೆಲ್ ಮಾಡಲಾಗುತ್ತದೆಯೇ? ಹಿಂದಿನ ಕೋಣೆಯ ಹಳೇ ಲಿಫ್ಟನ್ನು ನೀನೂ ನಾನೂ ಬೇಕೆಂದೇ ಕೆಡಿಸಿ ಒಂದೊಂದು ಸದ್ದನ್ನೂ ಕಲಿತೆವಲ್ಲ, ಅದರಿಂದ ಈ ದಾರಿಯಾಯಿತು. ಒಬ್ಬರು ಗುಟ್ಟಾಗಿ ಕೆಡಿಸಬೇಕು, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಿ ಹೇಳಬೇಕು. ಕೆಡಿಸಿದವರೇ ಕೇಳಿದರೆ ಕಿವಿ ಕಳ್ಳಾಟ ಆಡುತ್ತದೆ.

ಈಗ ಆ ಕೋಣೆಗೇ ಕುತ್ತು ಬಂದಿದೆ. ಹಳೇ ಯಜಮಾನರ ಮಗಳೇ ಈಗ ಕಂಪನಿ ನಡೆಸುವುದು. ಹೋದ ವಾರ ಬಂದು ಬಾಗಿಲಲ್ಲೇ ನಿಂತಳು.

“ಅಕ್ಕಾ, ಹೊರಗಿನ ಗಿರಾಕಿ ಸಿಗ್ಲಿ ಅಂತ ತಾನೇ ಈ ಪ್ರಯೋಗ ಎಲ್ಲ? ಸಿಕ್ಕಿದ್ದಾರಲ್ಲ. ಇದನ್ನ ಗುಜರಿಗೆ ಹಾಕಿ ನಾಲ್ಕು ಮೇಜು ಹಾಕೋಣ.”

“ನೀರು ಬಂತು ಅಂತ ಬಾವಿ ಮುಚ್ತೀಯೇನಮ್ಮ? ಅವರು ಕಳಿಸೋ ಸದ್ದಲ್ಲಿ ಅರ್ಧ ನಾನು ಹುಟ್ಟಿದಾಗಿಂದ ಕೇಳಿಲ್ಲ. ಹೊಸದು ಬಂದಾಗೆಲ್ಲ ಇಲ್ಲೇ ಕೆಡಿಸಿ ನೋಡ್ಬೇಕು.”

“ಹಾಗಾದ್ರೆ ಮೊನ್ನೆ ಯಾಕೆ ತಪ್ಪಾಯ್ತು?”

ತಪ್ಪಾಗಿದ್ದು ನಿಜ. ದೂರದ ಒಂದು ಕಟ್ಟಡಕ್ಕೆ ಬಾಗಿಲಿನ ಗಾಲಿ ಕೆಟ್ಟಿದೆ ಎಂದು ಹೇಳಿದ್ದೆ. ಕೆಟ್ಟದ್ದು ಮೇಲಿನ ರಾಟೆ. ಯಾರಿಗೂ ಏಟಾಗಲಿಲ್ಲ, ಆದರೆ ಅಲ್ಲಿಯ ಮುದುಕರು ವಾರವೆಲ್ಲ ಮೆಟ್ಟಿಲು ಹತ್ತಿದರಂತೆ. ಆ ಕಟ್ಟಡದವರು ಬೈದು ಬರೆದಿದ್ದರೆ ಚೆನ್ನಾಗಿತ್ತು. ವಂದನೆ ಹೇಳಿ ಬೇರೆಯವರ ಹತ್ತಿರ ಹೋದರು.

“ಜೊತೆಗೆ ಇನ್ನೊಬ್ಬರನ್ನ ಇಟ್ಕೊಂಡು ಸರಿಯಾಗಿ ನಡೆಸಿ. ಆಗ್ಲಿಲ್ಲ ಅಂದ್ರೆ ತಿಂಗಳ ಕೊನೆಗೆ ಗುಜರಿಯವನನ್ನ ಕರೀತೀನಿ” ಎಂದು ಹೋದಳು.

ನನ್ನ ಮಾತು ಸಮುದ್ರ ದಾಟುತ್ತದೆ ಗುಂಡ, ಊಟದ ಡಬ್ಬಿ ತೆರೆದರೆ ಎದುರಿಗೆ ಯಾರೂ ಇಲ್ಲ. ಸದ್ದಿನ ಕೊನೆಯಲ್ಲಿ ಆ ಕಾವಲುಗಾರ ಏನೋ ಹೇಳುತ್ತಾನೆ, ಭಾಷೆ ತಿಳಿಯದು. ಊಟ ಆಯಿತೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು “ಆಯ್ತಪ್ಪ” ಎನ್ನುತ್ತೇನೆ.

ವಾರಕ್ಕೊಂದು ದಿನ ಬಂದು ಕೆಡಿಸಿ ಹೋಗುತ್ತೀಯಾ? ಬಸ್ಸಿನ ಖರ್ಚು ಕಂಪನಿಯದು. ಅಂಗಡಿಗೆ ತೊಂದರೆಯಾಗುವುದಾದರೆ ಬೇಡ, ನಾನು ಮುನಿಸಿಕೊಳ್ಳುವುದಿಲ್ಲ. ನಿನ್ನ ಹೆಂಡತಿಗೂ ಪುಟ್ಟಿಗೂ ನನ್ನ ಆಶೀರ್ವಾದ. ಕೈ ತುಂಬ ಕೆಲಸವಿರಲಿ, ಮನೆ ತುಂಬ ಮಾತಿರಲಿ.

ನಿನ್ನ
ಅಕ್ಕ

ವಿ.ಸೂ.: ಇನ್ನೊಬ್ಬರು ಇಲ್ಲದೆ ತಪ್ಪಾಯಿತು ಎಂದುಕೊಳ್ಳಬೇಡ. ಆ ಕಟ್ಟಡಕ್ಕೆ ಉತ್ತರ ಕಳಿಸುವ ಮುಂಚೆ ಇಲ್ಲಿಗೆ ಸೇರಿದ ಹೊಸ ಮೆಕ್ಯಾನಿಕ್ ನಮ್ಮ ಲಿಫ್ಟನ್ನು ಕೆಡಿಸಿದ್ದ, ನಾನು ಕಣ್ಣು ಮುಚ್ಚಿ ಕೇಳಿದ್ದೆ. ಸದ್ದು ಥೇಟು ಅವರು ಕಳಿಸಿದ್ದೇ. ಅವನು ಕೆಡಿಸಿದ್ದು ರಾಟೆಯನ್ನು. ನಾನು ಬಾಗಿಲಿನ ಗಾಲಿ ಎಂದೆ. “ಸರಿಯಾಗಿ ಹೇಳಿದ್ರಿ ಅಕ್ಕ” ಎಂದುಬಿಟ್ಟ. ತಪ್ಪು ತಿಳಿದ ಮೇಲೆ ಗದರಿಸಿದರೆ, “ನಿಮ್ಮಂಥವರಿಗೆ ತಪ್ಪು ಅಂತ ಹೇಗೆ ಹೇಳೋದು” ಎಂದು ತಲೆ ತಗ್ಗಿಸಿದ. ನೀನಾಗಿದ್ದರೆ ಆ ಲಿಫ್ಟಿನೊಳಗೇ ಬಿದ್ದು ಬಿದ್ದು ನಗುತ್ತಿದ್ದೆ, ಕಂಪನಿಗೆಲ್ಲ ಸಾರಿಕೊಂಡು ಬರುತ್ತಿದ್ದೆ. ನೀನು ಹೋದ ಮೇಲೆ ನನ್ನನ್ನು ನೋಡಿ ಯಾರೂ ನಕ್ಕಿಲ್ಲ ಕಣೋ.