ಮುಖ ಮಾತ್ರ ನನ್ನದು

4 ಮಾರ್ಚ್, ಬೆಳಿಗ್ಗೆ 7
ಮಣ್ಣಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಸುತ್ತಿದೆ. ನಮ್ಮ ಸೌತ್ ಬಿ ಬಡಾವಣೆಯಲ್ಲಿ ಮೂರು ದಿನದಿಂದ ನಲ್ಲಿ ಬಂದಿಲ್ಲ. ಕುಡಿಯುವ ನೀರಿನ ಕ್ಯಾನ್‌ನಿಂದ ಕದ್ದೆ. ಗಂಡ ಕಿಶನ್‌ಗೆ ಗೊತ್ತಾದರೆ ಮಂಗಳಾರತಿ ಗ್ಯಾರಂಟಿ. ಅವನು ಕೆಲಸ ಮಾಡುವ ಫ್ಯಾಕ್ಟರಿ ಕಟ್ಟಿದ, ತೀರಿಹೋದ ಯಜಮಾನರದೇ ಮೂರ್ತಿ, ಆದರೂ.

22ಕ್ಕೆ ಅನಾವರಣ. ಯಜಮಾನರ ಹೆಂಡತಿ ಪಾರ್ವತಮ್ಮ ನಿನ್ನೆ ಮೂರನೇ ಸಲ ಮಾವ ಮಾಡಿದ ಮುಖ ಬೇಡ ಅಂದರು. "ಇವ್ರು ನಮ್ಮನೆಯವ್ರಲ್ಲ, ದತ್ತಾತ್ರೇಯ ಅವ್ರೇ. ಯಾರೋ ಬ್ಯಾಂಕ್ ಮ್ಯಾನೇಜರ್ ಥರ ಇದಾರೆ."

ಮಾವ ಊಟ ಬಿಟ್ಟಿದ್ದಾರೆ. ಇದಕ್ಕೆಂದೇ ಮೈಸೂರಿನಿಂದ ಈ ಪರದೇಶಕ್ಕೆ ಬಂದವರು. ನನಗೆ ಕೆಲಸ ಕಲಿಸಿದವರು. ಈಗ ಅವರ ಕೈಗೆ ಹಿಡಿತವಿಲ್ಲ.

7 ಮಾರ್ಚ್
ಮುಖ ನಾನು ಮಾಡಿದೆ. ಎರಡೇ ಮಧ್ಯಾಹ್ನ. ಪಾರ್ವತಮ್ಮ ನೋಡಿ ಅತ್ತುಬಿಟ್ಟರು. "ಇವ್ರೇ! ಈಗ್ಲೇ ಬೈಯ್ತಾರೆ ಅನ್ಸತ್ತೆ." ಮಾವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಮಾವ ನನ್ನ ಹೆಸರೆತ್ತಲಿಲ್ಲ. ನಾನು ಕಾಫಿ ತಂದೆ.

8 ಮಾರ್ಚ್
ಮರಿ-ಆನ್ ಕೊಲ್ಲೊ ಬಗ್ಗೆ ಓದಿದೆ. ಇನ್ನೂರೈವತ್ತು ವರ್ಷದ ಹಿಂದಿನ ಫ್ರೆಂಚ್ ಶಿಲ್ಪಿ. ರಷ್ಯಾದ ದೊರೆಯ ತಲೆ ಮಾಡಿ ಮಾಡಿ ಗುರು ಸೋತಾಗ, ಅದನ್ನು ಮಾಡಿಕೊಟ್ಟವಳು. ಗುರುವಿನ ಮಗನನ್ನೇ ಮದುವೆಯಾದಳು. ಗುರುವಿಗೆ ಪಾರ್ಶ್ವವಾಯು ಬಡಿದ ಮೇಲೆ ಸೇವೆಗೆ ನಿಂತಳು. ಮತ್ತೆ ಮಣ್ಣು ಮುಟ್ಟಲಿಲ್ಲವಂತೆ... ಹೆದರಿಕೆಯಾಯಿತು.

13 ಮಾರ್ಚ್
ಫ್ಯಾಕ್ಟರಿ ಶೆಡ್‌ನಲ್ಲಿ ಅಚ್ಚು ಹಾಕಿದೆವು. ಒಂದೇ ಸಲದ ಅಚ್ಚು — ಮಣ್ಣಿನ ಮೂರ್ತಿ ಅದರಲ್ಲೇ ಹಾಳು. ಮೊದಲ ಪದರದ ಪ್ಲಾಸ್ಟರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಬೇಕು. ಮಣ್ಣು ತೆಗೆದು ಒಳಗೆ ಪ್ಲಾಸ್ಟರ್ ಸುರಿದು, ಕೊನೆಗೆ ಅಚ್ಚು ಒಡೆಯುವಾಗ ನೀಲಿ ಕಂಡರೆ ಉಳಿ ನಿಧಾನ, ಕೆಳಗೇ ಮುಖ. ಕಲಿಸಿದವರೇ ಮಾವ.

ಇವತ್ತು ಮರೆತು ಬಿಳಿಯನ್ನೇ ಎರಚಿದರು. ನೋಡಿದೆ. ಪಾರ್ವತಮ್ಮ, ಡೈರೆಕ್ಟರುಗಳು, ಕಿಶನ್ — ಎಲ್ಲರೂ ನಿಂತಿದ್ದರು. ಅಷ್ಟು ಜನರೆದುರು ಮಾವನ ತಪ್ಪು ಎತ್ತಿ ಆಡುವುದೇ? ಸೊಸೆಯಾಗಿ? ಸುಮ್ಮನಿದ್ದೆ. ಥೂ.

19 ಮಾರ್ಚ್, ಸಂಜೆ 5
ಬಿಳಿ ಅಚ್ಚು, ಒಳಗೆ ಬಿಳಿ ಮೂರ್ತಿ. ಎಲ್ಲಿ ಅಚ್ಚು ಮುಗಿಯಿತು, ಎಲ್ಲಿ ಯಜಮಾನರು ಶುರು — ದೇವರೇ ಬಲ್ಲ. ಮಾವನಿಗೆ ಉಳಿ ಹಿಡಿಯಲಾಗಲಿಲ್ಲ. ನಾನೇ ಕೂತೆ. ಭುಜ ಬಂತು. ಕಿವಿ ಬಂತು. ಮೂಗು ಹೋಯಿತು. ತುಟಿಯೂ.

ವಾಚ್‌ಮನ್ "ಪೋಲೆ ಸಾನಾ, ಮಮಾ" ಎಂದು ಇಲ್ಲಿನ ಭಾಷೆಯಲ್ಲಿ ಸಮಾಧಾನ ಹೇಳಿದ. ಅವನೆದುರೇ ಅತ್ತುಬಿಟ್ಟೆ.

20 ಮಾರ್ಚ್
ಪಾರ್ವತಮ್ಮ ಬಂದರು. ಬಾಯಿಗೆ ಸೆರಗು. ಮಾವ ನೆಲ ನೋಡುತ್ತ ಹೇಳಿದರು, "ಮುಖ ನಂದಲ್ಲಮ್ಮಾ. ಮಾಡಿದ್ದು ಜಾಹ್ನವಿ. ಅವತ್ತು ನೀವು ಮೆಚ್ಚಿದ್ದೂ ಅವ್ಳ್ದೇ."

"ಅದಕ್ಕೇ ಹಿಂಗಾಯ್ತು," ಅಂದರು ಪಾರ್ವತಮ್ಮ.

"ಹೌದಮ್ಮಾ, ನಂದೇ," ಅಂದೆ. ನೀಲಿಯ ಮಾತು ಎತ್ತಲಿಲ್ಲ.

ಮನೆಗೆ ಬರುವಾಗ ಮೊಂಬಾಸಾ ರೋಡ್ ಜಾಮ್‌ನಲ್ಲಿ ಕಿಶನ್ ಸ್ಟಿಯರಿಂಗ್ ಗುದ್ದಿದ. ಶಿಲ್ಪಿಯ ಮಗ, ಅವನಿಗೂ ಗೊತ್ತು. "ಅಪ್ಪ ಕಲರ್ ಹಾಕ್ಲಿಲ್ಲ ಅಂತ ಯಾಕೆ ಹೇಳ್ಲಿಲ್ಲ? ಹೇಳೆ!"

ಉತ್ತರ ಇಲ್ಲಿ ಬರೆಯುತ್ತೇನೆ. ತಪ್ಪನ್ನು ಮಾವನಿಗೆ ವಾಪಸ್ ಕೊಟ್ಟರೆ ಮುಖವನ್ನೂ ವಾಪಸ್ ಕೇಳುತ್ತಾರೆ. ಮಣ್ಣು ಹಿಡಿದ ಹದಿನೆಂಟು ವರ್ಷದಲ್ಲಿ ಮೊದಲ ಸಲ, ನಾಲ್ಕು ಜನರೆದುರು, ನನ್ನ ಕೆಲಸಕ್ಕೆ ನನ್ನ ಹೆಸರು. ಮೂಗಿಲ್ಲದಿದ್ದರೂ ಸರಿ, ಅದು ನನ್ನದು.